ಪಶ್ಚಿಮ ಘಟ್ಟದ ಚಾರಣ ಮತ್ತು ಅದಕ್ಕೆ ಬೇಕಾದ ಸಾಮಾನು: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ, ಕೊಡಗಿನ ಬೆಟ್ಟಗಳಿಗೆ ಚಾರಣ ಹೊರಡುವವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ಅವರು ಕೇಳಿದ ಧಾಟಿಯಲ್ಲಿಯೇ ಇಲ್ಲಿ ಕೊಟ್ಟಿದೆ. ಅಂಗಡಿಯಲ್ಲಿ ಏನೇನು ಸಿಗುತ್ತದೆ ಎಂದು ನೋಡಿ ಸಾಮಾನು ಕೊಳ್ಳುವುದಕ್ಕಿಂತ, ಹೋಗುವ ಬೆಟ್ಟ ಯಾವುದು, ಹೋಗುವ ತಿಂಗಳು ಯಾವುದು ಎಂದು ನೋಡಿ ಚೀಲ ಕಟ್ಟಬೇಕು ಎಂಬುದು ಈ ಉತ್ತರಗಳ ಹಿಂದಿರುವ ನಿಲುವು.

## ಹೊರಡುವ ಮೊದಲು

ನಾನು ಈವರೆಗೆ ಒಂದು ಬೆಟ್ಟವನ್ನೂ ಹತ್ತಿಲ್ಲ. ನೇರವಾಗಿ ಕುಮಾರ ಪರ್ವತಕ್ಕೇ ಹೋಗಬಹುದಾ?

ಹೋಗದಿರುವುದು ಒಳ್ಳೆಯದು. ಬೆಟ್ಟದ ಎತ್ತರವನ್ನು ನೋಡಿ ಅದನ್ನು ಹತ್ತುವ ಕಷ್ಟವನ್ನು ಅಳೆಯಲಾಗದು. ನಡಿಗೆ ಎಲ್ಲಿಂದ ಆರಂಭವಾಗುತ್ತದೆ ಎಂಬುದೇ ಮುಖ್ಯ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದ್ದರೂ ತುದಿಯ ಸಮೀಪದವರೆಗೆ ವಾಹನ ಹೋಗುತ್ತದೆ; ಕೆಳಗಿನ ಸರ್ಪದಾರಿಯಿಂದ ನಡೆದರೂ ಅರ್ಧ ದಿನದಲ್ಲಿ ಹತ್ತಿ ಇಳಿಯಬಹುದು. ಕುಮಾರ ಪರ್ವತ 1,712 ಮೀಟರ್ ಮಾತ್ರ. ಆದರೆ ಕುಕ್ಕೆ ಸುಬ್ರಹ್ಮಣ್ಯ ಘಟ್ಟದ ಬುಡದಲ್ಲಿ, ಸಮುದ್ರಮಟ್ಟಕ್ಕಿಂತ ನೂರು ಚಿಲ್ಲರೆ ಮೀಟರ್ ಮೇಲೆ ಇರುವುದರಿಂದ, ಅಲ್ಲಿಂದ ಹೊರಟವರು ಸುಮಾರು 13 ಕಿಲೋಮೀಟರ್ ದಾರಿಯಲ್ಲಿ ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಏರಬೇಕಾಗುತ್ತದೆ. ಕೊಡಗಿನ ಬೀದಳ್ಳಿ ಕಡೆಯ ದಾರಿ ಇದಕ್ಕಿಂತ ಚಿಕ್ಕದು.

ಮೊದಲ ಬೆಟ್ಟಕ್ಕೆ ಕೊಡಗಿನ ತಡಿಯಂಡಮೋಳ್ ಸೂಕ್ತವಾದದ್ದು. ಎತ್ತರ 1,748 ಮೀಟರ್ ಆದರೂ, ಕಕ್ಕಬ್ಬೆಯ ಬಳಿ 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕಡೆಯಿಂದ ಹೊರಟರೆ ಏರು ಹದವಾಗಿದೆ, ಕೊನೆಯ ಭಾಗ ಮಾತ್ರ ಕಡಿದು. ಮೈಸೂರಿನವರು ತಮ್ಮ ಶಕ್ತಿಯನ್ನು ಇನ್ನೂ ಸುಲಭವಾಗಿ ಪರೀಕ್ಷಿಸಿಕೊಳ್ಳಬಹುದು: ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಐದಾರು ಕಿಲೋ ಚೀಲ ಹೊತ್ತು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿದು, ಮರುದಿನ ಮೊಣಕಾಲು ಏನು ಹೇಳುತ್ತದೆ ಎಂದು ನೋಡಿದರೆ ಸಾಕು.

ಯಾವ ತಿಂಗಳಲ್ಲಿ ಹೋದರೆ ಚೆನ್ನಾಗಿರುತ್ತೆ?

ಅಕ್ಟೋಬರ್‌ನಿಂದ ಜನವರಿಯವರೆಗೆ. ಅಕ್ಟೋಬರ್‌ನಲ್ಲಿ ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಉಂಬಳದ (ರಕ್ತ ಹೀರುವ ಕಾಡಿನ ಜಿಗಣೆಯ) ಕಾಟ ಇಳಿಮುಖವಾಗಿರುತ್ತದೆ. ಡಿಸೆಂಬರ್, ಜನವರಿಯ ಬೆಳಗು ಚಳಿ, ನೋಟ ನಿಚ್ಚಳ. ಫೆಬ್ರುವರಿ ಕಳೆದರೆ ಬೆಟ್ಟದ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾಗುವುದರಿಂದ ಅರಣ್ಯ ಇಲಾಖೆ ಅನೇಕ ದಾರಿಗಳನ್ನು ಮುಚ್ಚುತ್ತದೆ. ಭಾರಿ ಮಳೆಯ ದಿನಗಳಲ್ಲಿಯೂ ಹಾಗೆಯೇ. ನೀಲಕುರಿಂಜಿ ನೋಡಬೇಕೆಂಬವರಿಗೆ ಮಾತ್ರ ತಿಂಗಳಿಗಿಂತ ವರ್ಷ ಮುಖ್ಯ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಆ ಹೂವು ಚಿಕ್ಕಮಗಳೂರಿನ ಗಿರಿಸಾಲಿನಲ್ಲಿ 2022ರಲ್ಲಿ ಅರಳಿತ್ತು.

ಅನುಮತಿ ನಿಜವಾಗಿಯೂ ಬೇಕಾ? ಊರಿನವರೊಬ್ಬರು ಬೇರೆ ದಾರಿಯಲ್ಲಿ ಕರ್ಕೊಂಡು ಹೋಗ್ತೀನಿ ಅಂತಾರೆ.

ಬೇಕು, ಮತ್ತು ಆ ಬೇರೆ ದಾರಿಯನ್ನು ಹಿಡಿಯಬಾರದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಬುಡದಲ್ಲಿ ಜಾತ್ರೆಯಷ್ಟು ಜನ ಸೇರಿದ ಬಳಿಕ, ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಚಾರಣವನ್ನು ಸರ್ಕಾರ ತಡೆಹಿಡಿಯಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ದಿನ ಗೊತ್ತುಪಡಿಸಿಕೊಂಡು, ಗುರುತಿನ ಚೀಟಿಯೊಡನೆ ಹೋಗಬೇಕು; ಇಂಥ ದಾರಿಗಳಿಗೆ ದಿನಕ್ಕೆ 300 ಮಂದಿಯ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ, ಕುಮಾರ ಪರ್ವತವಿರುವ ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಒಪ್ಪಿಗೆಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಹೆಸರು ಬರೆಸದೆ ಕಾಡು ಹೊಕ್ಕವರು ಸಂಜೆ ಮರಳದಿದ್ದರೆ ಅವರನ್ನು ಹುಡುಕಬೇಕೆಂಬುದೇ ಯಾರಿಗೂ ತಿಳಿಯುವುದಿಲ್ಲ.

ಹತ್ತೋದಕ್ಕೆ ಎಷ್ಟು ಗಂಟೆ ಬೇಕು ಅಂತ ಮೊದಲೇ ಲೆಕ್ಕ ಹಾಕೋದು ಹೇಗೆ?

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕವನ್ನು ಈಗಲೂ ಬಳಸುತ್ತಾರೆ. ಸಮತಟ್ಟಿನ ನಡಿಗೆಗೆ ಗಂಟೆಗೆ 5 ಕಿಲೋಮೀಟರ್ ಹಿಡಿದು, ಏರಿನ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಸೇರಿಸಬೇಕು. ಕುಕ್ಕೆಯಿಂದ ಕುಮಾರ ಪರ್ವತಕ್ಕೆ 13 ಕಿಲೋಮೀಟರಿಗೆ ಎರಡೂವರೆ ಗಂಟೆಗೆ ಸ್ವಲ್ಪ ಮೇಲೆ, 1,600 ಮೀಟರ್ ಏರಿಗೆ ಹೆಚ್ಚುಕಡಿಮೆ ಅಷ್ಟೇ. ಒಟ್ಟು ಐದೂಕಾಲು ಗಂಟೆ. ಇದು ವಿಶ್ರಾಂತಿ, ಬಿಸಿಲು, ಬೆನ್ನಿನ ಹೊರೆ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಅಂಕಿ. ಅದಕ್ಕೆ ಅರ್ಧದಷ್ಟು ಸೇರಿಸಿದರೆ ನಮ್ಮ ಹವೆಗೆ ಸರಿಹೋಗುತ್ತದೆ. ಇದರಿಂದ ತಿಳಿಯಬೇಕಾದ ಮುಖ್ಯ ಸಂಗತಿ ಹಿಂದಿರುಗುವ ಹೊತ್ತು. ಡಿಸೆಂಬರ್‌ನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಶೋಲಾ ಕಾಡಿನೊಳಗೆ (ಬೆಟ್ಟದ ಹುಲ್ಲುಗಾವಲುಗಳ ನಡುವಿನ ದಟ್ಟ ಕಾಡು) ಅದಕ್ಕೂ ಮುಂಚೆಯೇ ಮಬ್ಬಾಗುತ್ತದೆ. ಇಳಿಯಲು ಬೇಕಾದ ಗಂಟೆಗಳನ್ನು ಅದರಿಂದ ಕಳೆದು ಒಂದು ಹೊತ್ತನ್ನು ಗೊತ್ತುಮಾಡಿಕೊಂಡು, ಆ ಹೊತ್ತಿಗೆ ತುದಿ ಕಣ್ಣೆದುರೇ ಇದ್ದರೂ ಹಿಂದಿರುಗಬೇಕು.

## ಶೂ, ಬಟ್ಟೆ, ಚೀಲ

ಎಂಥ ಶೂ ತಗೋಬೇಕು? ಊರಿನವರು ಹವಾಯಿ ಚಪ್ಪಲಿಯಲ್ಲೇ ಹತ್ತುತ್ತಾರಲ್ಲ?

ಊರಿನವರ ಪಾದ ಆ ದಾರಿಯಲ್ಲೇ ಬೆಳೆದದ್ದು, ಅವರು ಹೊತ್ತ ಹೊರೆಯ ಅಂದಾಜೂ ಅವರಿಗಿದೆ. ಆಫೀಸಿನ ಕುರ್ಚಿಯಿಂದ ಎದ್ದು ಬಂದವರು ಅದನ್ನು ಅನುಕರಿಸಬಾರದು. ಶೂ ಕೊಳ್ಳುವಾಗ ಮೊದಲು ತಿರುಗಿಸಿ ಅಟ್ಟೆ ನೋಡಿ. ಅದರ ಹಲ್ಲುಗಳು ಆಳವಾಗಿದ್ದು, ನಡುವೆ ಕೆಸರು ಕಚ್ಚಿಕೊಳ್ಳದಷ್ಟು ಅಂತರವಿರಬೇಕು. ಊರಿನ ರಸ್ತೆಯಲ್ಲಿ ಓಡಲು ಮಾಡಿದ ಶೂಗಳ ಅಟ್ಟೆ ಮೆತ್ತಗೆ, ಸಪಾಟು. ಒದ್ದೆ ಬಂಡೆಯ ಮೇಲೂ ಒಣಗಿದ ಹುಲ್ಲಿನ ಮೇಲೂ ಅದು ಜಾರುತ್ತದೆ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುವುದರಿಂದ ಆಗಲೇ ಅಂಗಡಿಗೆ ಹೋಗಿ, ಚಾರಣಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಅಳತೆ ನೋಡುವುದು ಕ್ರಮ. ನಿಂತಾಗ ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಶೂವಿನ ಮೂತಿಗೆ ಬಡಿದು ಕಪ್ಪಾಗುತ್ತದೆ.

ಲೇಸು ಕಟ್ಟುವ ಬಗೆಯಿಂದಲೂ ಇದನ್ನು ತಡೆಯಬಹುದು. ಶೂವಿನ ಮೇಲ್ತುದಿಯಲ್ಲಿ, ಹೆಚ್ಚಿನವರು ಬಳಸದೆ ಬಿಡುವ ಒಂದು ಜೊತೆ ತೂತು ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಒಂದು ಕುಣಿಕೆಯಾಗಿ ಬಿಟ್ಟು, ಎರಡೂ ಲೇಸಿನ ತುದಿಗಳನ್ನು ಎದುರು ಬದಿಯ ಕುಣಿಕೆಯೊಳಗೆ ನುಗ್ಗಿಸಿ ಕೆಳಮುಖವಾಗಿ ಎಳೆದು ಕಟ್ಟಿದರೆ ಹಿಮ್ಮಡಿ ತನ್ನ ಜಾಗದಲ್ಲೇ ಕೂರುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ. ಹೊಸ ಶೂವನ್ನು ಬೆಟ್ಟದಲ್ಲೇ ಮೊದಲ ಸಲ ಹಾಕಬಾರದು ಎಂಬುದನ್ನು ಎಲ್ಲರೂ ಕೇಳಿರುತ್ತಾರೆ, ಆದರೂ ಪ್ರತಿ ತಂಡದಲ್ಲಿ ಒಬ್ಬರಾದರೂ ಬೊಬ್ಬೆ ಬಂದ ಹಿಮ್ಮಡಿಯೊಡನೆ ಕುಂಟುತ್ತಿರುತ್ತಾರೆ.

ವಾಟರ್‌ಪ್ರೂಫ್ ಶೂ ತಗೊಂಡರೆ ಮಳೆಗಾಲದಲ್ಲಿ ಕಾಲು ಒದ್ದೆಯಾಗಲ್ಲ ಅಲ್ವಾ?

ಆಗುತ್ತದೆ. ಹಿಮದ ನಾಡಿಗೆ ಅಂಥ ಶೂ ಸರಿ. ಜುಲೈಯ ಕುದುರೆಮುಖದಲ್ಲಿ ಮಂಡಿಯವರೆಗಿನ ಹಳ್ಳ ದಾಟುವಾಗ ನೀರು ಮೇಲಿನಿಂದಲೇ ಒಳಗೆ ಹೋಗುತ್ತದೆ, ಹೋದ ನೀರು ಹೊರಬರಲು ದಾರಿಯಿರುವುದಿಲ್ಲ, ದಿನವಿಡೀ ಪಾದ ನೀರಿನಲ್ಲೇ ನೆನೆಯುತ್ತದೆ. ಮಲೆನಾಡಿನ ಮಳೆಯಲ್ಲಿ ಕಾಲು ಒದ್ದೆಯಾಗುತ್ತದೆ ಎಂದು ಒಪ್ಪಿಕೊಂಡು, ನೀರು ಬೇಗ ಬಸಿದುಹೋಗುವ ಜಾಲರಿ ಬಟ್ಟೆಯ ಶೂ ಹಾಕಿ, ಒಣಗಿದ ಒಂದು ಜೊತೆ ಕಾಲುಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳುವುದೇ ಜಾಣತನ. ಊಟಕ್ಕೆ ಕೂತಾಗ ಪಾದ ಒರೆಸಿ ಗಾಳಿಗೆ ಬಿಡಬೇಕು. ಬೆರಳುಗಳ ನಡುವೆ ಸ್ವಲ್ಪ ವ್ಯಾಸಲೀನ್ ಸವರಿಕೊಂಡರೆ ಚರ್ಮ ಕೀಳುವುದಿಲ್ಲ.

ಜೀನ್ಸ್ ಹಾಕಿಕೊಂಡು ಹೋದರೆ ಏನು ತೊಂದರೆ?

ಒಣಹವೆಯಲ್ಲಿ ಸೆಕೆ, ತೊಡೆಯ ಉಜ್ಜಾಟ. ಮಳೆಯಲ್ಲಿ ಭಾರ, ಚಳಿ. ಹತ್ತಿ ಬಟ್ಟೆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಅಂಟಿದ ಆ ಒದ್ದೆ ಗಾಳಿಗೆ ಆರುವಾಗ ಮೈಯ ಶಾಖವನ್ನು ಕಸಿಯುತ್ತದೆ. ತುದಿಯಲ್ಲಿ ಗಾಳಿ ಬೀಸುವಾಗ ಹಲ್ಲು ಕಟಕಟಿಸುವವರಲ್ಲಿ ಹೆಚ್ಚಿನವರು ಬೆವರಿನಿಂದ ತೊಯ್ದ ಕಾಟನ್ ಟೀ ಶರ್ಟಿನವರೇ. ಪಾಲಿಯೆಸ್ಟರಿನ, ಆಟಕ್ಕೆ ಹಾಕುವ ಅಗ್ಗದ ಅಂಗಿ ಮತ್ತು ಸಡಿಲವಾದ ಉದ್ದನೆಯ ಪ್ಯಾಂಟು ಸಾಕು. ಅರ್ಧ ಚಡ್ಡಿ ಬೇಡ: ಎದೆಮಟ್ಟದ ಹುಲ್ಲಿನ ಅಂಚು ಕಾಲನ್ನು ಕೊಯ್ಯುತ್ತದೆ.

ಎಷ್ಟು ಲೀಟರ್ ಬ್ಯಾಗು ಬೇಕು? ಅದರಲ್ಲಿ ಏನೇನು ಇರಲೇಬೇಕು?

ಒಂದು ದಿನದ ನಡಿಗೆಗೆ 20ರಿಂದ 30 ಲೀಟರ್, ಒಂದು ರಾತ್ರಿ ಉಳಿಯುವುದಿದ್ದರೆ 40ರಿಂದ 50 ಲೀಟರ್. ದೊಡ್ಡ ಚೀಲ ಕೊಂಡವರು ಅದನ್ನು ತುಂಬಿಸದೆ ಬಿಡುವುದಿಲ್ಲ, ಆದ್ದರಿಂದ ಚಿಕ್ಕದೇ ಮೇಲು. ಒಂದು ದಿನದ ಹೊರೆ ದೇಹತೂಕದ ಹತ್ತನೆಯ ಒಂದು ಭಾಗ, ಕೆಲವು ದಿನಗಳದ್ದಾದರೆ ಐದನೆಯ ಒಂದು ಭಾಗ ಮೀರದಿರಲಿ. ಸೊಂಟಪಟ್ಟಿ ಇರುವ ಚೀಲವನ್ನೇ ಆರಿಸಿ, ಅದನ್ನು ಸೊಂಟದ ಮೂಳೆಯ ಮೇಲೆ ಬಿಗಿದರೆ ಭಾರ ಹೆಗಲಿನಿಂದ ಕಾಲಿಗೆ ಇಳಿಯುತ್ತದೆ.

ಹಗಲಿನಲ್ಲೇ ಮುಗಿಯುವ ಚಾರಣವಾದರೂ ತಲೆಗೆ ಕಟ್ಟುವ ಟಾರ್ಚು ಇರಬೇಕು. ಮೊಬೈಲಿನ ಬೆಳಕನ್ನು ನೆಚ್ಚಿದರೆ ಒಂದು ಕೈ ಅದಕ್ಕೇ ಮೀಸಲು, ಬ್ಯಾಟರಿಯೂ ಖಾಲಿ. ಮಳೆಯಂಗಿ, ತೆಳ್ಳನೆಯ ಒಂದು ಸ್ವೆಟರ್ ಅಥವಾ ಜಾಕೆಟ್, ಟೋಪಿ, ಸೀಟಿ, ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಔಷಧಿ, ತಮ್ಮ ದಿನನಿತ್ಯದ ಮಾತ್ರೆಗಳೂ ಇರಲಿ. ಬೆಂಕಿಪೊಟ್ಟಣ ಮಾತ್ರ ಬೇಡ (ಬೇಸಗೆಯ ಹುಲ್ಲಿಗೆ ಒಂದು ಕಿಡಿ ಸಾಕು). ಬ್ಯಾಗಿನ ಮೇಲೆ ಹಾಕುವ ರೈನ್ ಕವರ್ ಘಟ್ಟದ ಗಾಳಿಮಳೆಗೆ ಸಾಲದು, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಚೀಲದ ಒಳಗೆ ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಹರಡಿ, ಸಾಮಾನೆಲ್ಲವನ್ನೂ ಅದರೊಳಗೆ ಇಟ್ಟು ಬಾಯಿ ತಿರುಚಿ ಕಟ್ಟುವುದು ಕಡಿಮೆ ಖರ್ಚಿನ, ಹೆಚ್ಚು ನಂಬಬಹುದಾದ ಉಪಾಯ.

ಎಲ್ಲವನ್ನೂ ಕೊಳ್ಳೋಕೆ ದುಡ್ಡಿಲ್ಲ. ಯಾವುದಕ್ಕೆ ಖರ್ಚು ಮಾಡಲಿ?

ಮೊದಲು ಶೂ, ಆಮೇಲೆ ಮಳೆಯಂಗಿ, ಮೂರನೆಯದು ಟಾರ್ಚು. ಡೇರೆ, ಮಲಗುವ ಚೀಲ, ಊರುಗೋಲು ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ. ಕಾಲೇಜಿನ ಹಳೆಯ ಬ್ಯಾಗಿನಿಂದ ಯಾರ ಚಾರಣವೂ ಕೆಟ್ಟಿಲ್ಲ.

## ಊಟ, ನೀರು

ಎಷ್ಟು ನೀರು ಹೊರಬೇಕು? ಹಳ್ಳದ ನೀರು ಕುಡಿಯಬಹುದಾ?

ಒಬ್ಬರಿಗೆ ಎರಡು ಲೀಟರಿಗಿಂತ ಕಡಿಮೆ ಬೇಡ, ಬಿಸಿಲಿನ ಬೋಳು ಬೆಟ್ಟವಾದರೆ ಮೂರು. ಕುಮಾರ ಪರ್ವತದ ದಾರಿಯಲ್ಲಿ ಗಿರಿಗದ್ದೆ ದಾಟಿದ ಮೇಲೆ ಶೇಷಪರ್ವತದವರೆಗೆ ನೆರಳಿಲ್ಲದ ಹುಲ್ಲುಗಾವಲು. ನಡುವೆ ಕಲ್ಲು ಮಂಟಪದ ಬಳಿ ಸಿಗುವ ನೀರು ಬೇಸಗೆ ಹತ್ತಿರವಾದಂತೆ ಸಣ್ಣಗಾಗುತ್ತದೆ. ಹಳ್ಳದ ನೀರು ತಿಳಿಯಾಗಿ ಕಂಡರೂ ಮೇಲೆ ದನ, ಕಾಟಿ (ಕಾಡುಕೋಣ), ಮನುಷ್ಯರು ಇರುತ್ತಾರೆ. ಕ್ಲೋರಿನ್ ಮಾತ್ರೆ ಹಾಕಿ, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ಕುಡಿಯಬೇಕು.

ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರಿಯ ನೀರು ಕುಡಿದವರಿಗೆ ಮಧ್ಯಾಹ್ನದ ಹೊತ್ತಿಗೆ ಕಾಲಿನ ಮೀನಖಂಡ ಹಿಡಿದುಕೊಳ್ಳುವುದುಂಟು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಬಹುದು.

ಊಟಕ್ಕೆ ಏನು ಕಟ್ಟಿಕೊಳ್ಳೋದು?

ಮಧ್ಯಾಹ್ನದವರೆಗೆ ಹಳಸದೆ ಇರುವ ಪುಳಿಯೋಗರೆ, ಅಥವಾ ಚಪಾತಿ ಮತ್ತು ಚಟ್ನಿಪುಡಿ. ಮೊಸರನ್ನವನ್ನು ಬಿಸಿಲಿನಲ್ಲಿ ಹೊತ್ತು ನಡೆಯಬೇಡಿ. ಬೆಟ್ಟದಲ್ಲಿ ಹೊಟ್ಟೆತುಂಬ ಒಮ್ಮೆ ಉಣ್ಣುವುದಕ್ಕಿಂತ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದು ಹಿತ. ಕಡಲೆಬೀಜದ ಚಿಕ್ಕಿ, ಖರ್ಜೂರ, ಹುರಿಗಡಲೆ, ಬೆಲ್ಲ ಜೇಬಿಗೆ ಎಟುಕುವಂತಿರಲಿ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಉಂಡ ನೆನಪು ಒಂದು ತಲೆಮಾರಿನ ಚಾರಣಿಗರಿಗೆಲ್ಲ ಇದೆ, ಆದರೆ ಮುಂಚಿತವಾಗಿ ತಿಳಿಸದೆ ಗುಂಪು ಕಟ್ಟಿಕೊಂಡು ಹೋಗಿ ಊಟ ಕೇಳುವುದು ಸಭ್ಯತೆಯಲ್ಲ. ಚಿಪ್ಸು, ಬಿಸ್ಕತ್ತುಗಳ ಹೊದಿಕೆಯನ್ನು ಮನೆಯಲ್ಲೇ ಬಿಚ್ಚಿ ಡಬ್ಬಿಗೆ ಸುರಿದುಕೊಂಡರೆ ಕಾಡಿನಲ್ಲಿ ಬೀಳಿಸಲು ಏನೂ ಉಳಿಯುವುದಿಲ್ಲ.

## ಕಾಡಿನೊಳಗೆ

ಉಂಬಳ ಕಚ್ಚಿದರೆ ಏನು ಮಾಡೋದು? ಉಪ್ಪು ಹಾಕಬೇಕಾ?

ಮಳೆಗಾಲದಲ್ಲಿ ಎಲೆಯ ತುದಿಯಲ್ಲಿ, ದಾರಿಯ ತರಗಿನ ಮೇಲೆ, ದಾರದ ಎಳೆಯಷ್ಟು ತೆಳ್ಳಗಿನ ಉಂಬಳ ಹಿಂಭಾಗವನ್ನು ಅಂಟಿಸಿಕೊಂಡು, ತಲೆಯೆತ್ತಿ ಗಾಳಿಯಲ್ಲಿ ಅತ್ತಿತ್ತ ತಡಕಾಡುತ್ತ ನಿಂತಿರುತ್ತದೆ. ಶೂ ತಾಗಿದ ಕ್ಷಣದಲ್ಲಿ ಏರಿ, ಕಾಲುಚೀಲದ ಹೆಣಿಗೆಯ ಸಂದಿನಲ್ಲಿ ನುಸುಳುತ್ತದೆ. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಬಗೆಯ ಅಂಶ ಇರುವುದರಿಂದ ಉಂಬಳ ಬಿದ್ದ ಮೇಲೂ ರಕ್ತ ಬಹಳ ಹೊತ್ತು ಜಿನುಗುತ್ತದೆ. ಪ್ಯಾಂಟು ಕೆಂಪಾದದ್ದು ನೋಡಿ ಗಾಬರಿಯಾಗುವವರಿದ್ದಾರೆ, ಆದರೆ ವಿಷವೇನೂ ಇಲ್ಲ.

ಕಚ್ಚಿಕೊಂಡದ್ದನ್ನು ಎಳೆದು ಕೀಳಬಾರದು. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕಡೆಯಿಂದ ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪುಡಿ ಮಲೆನಾಡಿನ ಹಳೆಯ ಮದ್ದುಗಳು. ಅವನ್ನು ಕಚ್ಚಿದ ಗಾಯದ ಮೇಲೆ ಸುರಿಯುವುದಕ್ಕಿಂತ, ಬಟ್ಟೆಯ ಸಣ್ಣ ಗಂಟಿನಲ್ಲಿ ಕಟ್ಟಿ ಶೂವಿನ ಮೇಲೆ ಒದ್ದೆಯಾಗಿ ಸವರುವುದು ಉತ್ತಮ. ಸಂದಿಯಿಲ್ಲದ ದಟ್ಟ ನೇಯ್ಗೆಯ, ಮಂಡಿಯವರೆಗೆ ಬರುವ ಉಂಬಳದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಕಟ್ಟಿಕೊಂಡರೆ ಇದಾವುದರ ಅಗತ್ಯವೂ ಬೀಳುವುದಿಲ್ಲ. ಗಾಯವನ್ನು ತೊಳೆದು, ಒತ್ತಿ ಹಿಡಿದು, ಬ್ಯಾಂಡೇಜು ಹಾಕಿ. ತುರಿಕೆಗೆ ಕೆರೆದುಕೊಂಡರೆ ಮಾತ್ರ ಕೀವಾಗುತ್ತದೆ.

ಮಂಗನ ಕಾಯಿಲೆ ಇರೋ ಕಡೆ ಹೋಗಬಹುದಾ?

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ವೈರಸ್ ಕಾಯಿಲೆ ಉಣುಗಿನ (ದನಕರುಗಳ ಮೈಗೂ ಅಂಟುವ, ರಕ್ತ ಹೀರುವ ಪುಟ್ಟ ಜೀವಿ) ಕಡಿತದಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ. ಚಾರಣಕ್ಕೆ ಒಳ್ಳೆಯದಾದ ಡಿಸೆಂಬರ್, ಜನವರಿ ಇದರೊಳಗೇ ಬರುವುದು ದುರದೃಷ್ಟ. ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟ ಗ್ರಾಮಗಳ ಕಾಡಿಗೆ ಆ ವರ್ಷ ಹೋಗಬೇಡಿ. ಬೇರೆಡೆ ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಕೀಟ ತಡೆಯುವ ತೈಲ ಇರಲಿ. ತರಗಿನ ಮೇಲೆ ಮಲಗುವುದು ಬೇಡ. ಮರಳಿದ ಕೂಡಲೇ ಬಿಸಿನೀರಿನಲ್ಲಿ ಮಿಂದು ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ ನೋಡಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಹಾವು, ಆನೆ, ಹೆಜ್ಜೇನು: ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು?

ಹೆಜ್ಜೇನಿಗೆ. ಹಾವು ಸದ್ದಿಗೆ ಸರಿಯುತ್ತದೆ, ಆನೆ ಇರುವ ಕಡೆ ಅರಣ್ಯ ಸಿಬ್ಬಂದಿಯೇ ತಡೆಯುತ್ತಾರೆ. ಬಂಡೆಯ ಅಂಚಿನಲ್ಲಿ ತೂಗುವ ಹೆಜ್ಜೇನನ್ನು ಮಾತ್ರ ಚಾರಣಿಗರೇ ಸುಗಂಧ ಪೂಸಿಕೊಂಡು, ಹೊಗೆಯೆಬ್ಬಿಸಿ, ಕಿರುಚಿ ಕೆಣಕುತ್ತಾರೆ. ಎದ್ದರೆ ಮುಖ ಮುಚ್ಚಿಕೊಂಡು ಪೊದೆಗಾಡಿನ ಕಡೆಗೆ ದೂರ ಓಡುವುದೊಂದೇ ದಾರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ತಪ್ಪು. ಕಚ್ಚಿದ ಅಂಗ ಅಲುಗಾಡದಂತೆ ಕೋಲಿಗೆ ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ಇಳಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ಸೇರಿಸಬೇಕು. ಆಂಬುಲೆನ್ಸಿಗೆ 108, ಅರಣ್ಯ ಇಲಾಖೆಯ ಸಹಾಯವಾಣಿಗೆ 1926.

ಮುಟ್ಟಿನ ದಿನಗಳಲ್ಲಿ ಚಾರಣಕ್ಕೆ ಹೋಗಬಹುದಾ? ಶೌಚಕ್ಕೆ ಏನು ಮಾಡೋದು?

ಮೈ ಒಪ್ಪಿದರೆ ಧಾರಾಳವಾಗಿ ಹೋಗಬಹುದು; ರಕ್ತದ ವಾಸನೆಗೆ ಕಾಡುಪ್ರಾಣಿ ಬೆನ್ನಟ್ಟುತ್ತದೆ ಎಂಬ ಹೆದರಿಕೆಗೆ ಇಲ್ಲಿ ಆಧಾರವಿಲ್ಲ. ಮುಟ್ಟಿನ ಬಟ್ಟಲನ್ನು ಬಳಸಿ ರೂಢಿಯಿದ್ದವರಿಗೆ ಅದೇ ಅನುಕೂಲ. ಪ್ಯಾಡ್ ಬಳಸುವವರು ಕಾಗದದಲ್ಲಿ ಸುತ್ತಿ, ಬಾಯಿ ಬಿಗಿಯುವ ಚೀಲದಲ್ಲಿ ಊರಿಗೇ ಮರಳಿ ತರಬೇಕು, ಹೂಳಿದರೆ ಹಂದಿ ಅಗೆಯುತ್ತದೆ. ಶೌಚಕ್ಕೆ ನೀರಿನಿಂದ 60 ಮೀಟರಾದರೂ ದೂರ ಹೋಗಿ, ಗೇಣುದ್ದದ ಗುಂಡಿ ತೋಡಿ ಮುಚ್ಚಬೇಕು. ತಂಡದ ಮುಂದಾಳು ಹೊರಡುವ ಮುನ್ನವೇ ಇದನ್ನು ಎಲ್ಲರೆದುರು ಸಹಜವಾಗಿ ಹೇಳಿಬಿಟ್ಟರೆ ಯಾರೂ ದಿನವಿಡೀ ನೀರು ಕುಡಿಯದೆ ನಡೆಯುವ ಸಂಕಟಪಡುವುದಿಲ್ಲ.

## ಅಭ್ಯಾಸವಾದ ಮೇಲೆ

ಹತ್ತುವಾಗ ಏನೂ ಆಗಲ್ಲ, ಇಳಿಯುವಾಗ ಮಂಡಿ ನೋಯುತ್ತೆ. ಯಾಕೆ?

ಏರುವಾಗ ಉಸಿರಿಗೆ ಕೆಲಸ, ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಕೆಲಸ. ಆ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಅದು ಸೋತಾಗ ಹೊಡೆತವೆಲ್ಲ ಮಂಡಿಗೆ ಬೀಳುತ್ತದೆ. ಉದ್ದನೆಯ ಹೆಜ್ಜೆ ಹಾಕಿ ದಡದಡ ಇಳಿಯುವ ಬದಲು ಮಂಡಿಯನ್ನು ತುಸು ಬಗ್ಗಿಸಿ, ಪುಟ್ಟ ಹೆಜ್ಜೆ ಇಟ್ಟು, ಕಡಿದಾದ ಕಡೆ ಅಡ್ಡಾದಿಡ್ಡಿಯಾಗಿ ಇಳಿಯಬೇಕು. ಎರಡು ಊರುಗೋಲು ಇದ್ದರೆ ಇಳಿಯುವಾಗ ಅವನ್ನು ಸ್ವಲ್ಪ ಉದ್ದ ಮಾಡಿಕೊಂಡು, ಕಾಲಿಗಿಂತ ಮೊದಲು ಊರಬೇಕು. ಮನೆಯಲ್ಲಿ ಅಭ್ಯಾಸ ಮಾಡುವವರು ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯುತ್ತಾರೆ. ಅವರಿಗೆ ಬೇಕಾದ ಅಭ್ಯಾಸ ಅದರ ತದ್ವಿರುದ್ಧ.

ಮಂಜು ಕವಿದು ದಾರಿ ತಪ್ಪಿದರೆ? ಮೊಬೈಲ್‌ನಲ್ಲಿ ನಕ್ಷೆ ಇದೆ.

ನಕ್ಷೆಯನ್ನು ಊರಿನಲ್ಲೇ ಇಳಿಸಿಕೊಂಡಿದ್ದರೆ ಉಪಯೋಗ. ಸಿಗ್ನಲ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಉಪಗ್ರಹದಿಂದಲೇ ಜಾಗ ತೋರಿಸುತ್ತದೆ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟರೆ ಬ್ಯಾಟರಿ ಉಳಿಯುತ್ತದೆ. ಘಟ್ಟದ ಹುಲ್ಲುಗಾವಲಿನಲ್ಲಿ ಕಾಟಿಗಳು ನಡೆದ ಜಾಡು ಕಾಲುದಾರಿಯಂತೆಯೇ ಕಾಣುತ್ತದೆ, ಹೆಚ್ಚಿನವರು ತಪ್ಪುವುದು ಅಲ್ಲಿಯೇ. ಸಂಶಯ ಬಂದೊಡನೆ ನಿಂತು, ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಮರಳಬೇಕು. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತನ್ನು ಪಶ್ಚಿಮದ ಇಳಿಜಾರಿನಲ್ಲಿ ನಂಬಬೇಡಿ. ಅಲ್ಲಿನ ಹಳ್ಳಗಳು ಜಲಪಾತಗಳಾಗಿ ಧುಮುಕುತ್ತವೆ. ಕತ್ತಲಾದರೆ ಇದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡು, ಒಟ್ಟಿಗೆ ಕೂತು, ಬಿಟ್ಟುಬಿಟ್ಟು ಮೂರು ಸಲ ಸೀಟಿ ಊದುತ್ತಿರಬೇಕು.

ಘಟ್ಟದಲ್ಲಿ ಸಾಕಷ್ಟು ನಡೆದಿದ್ದೇನೆ. ಇದೇ ಸಾಮಾನಿನಲ್ಲಿ ಹಿಮಾಲಯಕ್ಕೆ ಹೋಗಬಹುದಾ?

ಕಾಲಿನ ಅಭ್ಯಾಸ ನೆರವಿಗೆ ಬರುತ್ತದೆ, ಸಾಮಾನು ಬರುವುದಿಲ್ಲ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಉತ್ತರಾಖಂಡದ ಕೇದಾರಕಂಠ ಶಿಖರ ಸುಮಾರು 3,800 ಮೀಟರ್, ಮುಳ್ಳಯ್ಯನಗಿರಿಯ ಎರಡರಷ್ಟು. ಅಲ್ಲಿಗೆ ಮೈಗಂಟಿದ ಒಳಉಡುಪು, ನಡುವೆ ಬೆಚ್ಚನೆಯ ಪದರ, ಹೊರಗೆ ಗಾಳಿ ಮಳೆ ತಡೆಯುವ ಪದರ ಹೀಗೆ ಮೂರು ಪದರ, ಜಲನಿರೋಧಕ ಕೈಗವಸು, ಹಿಮದ ಪ್ರಖರತೆಗೆ ಕಪ್ಪು ಕನ್ನಡಕ ಬೇಕು. ಇಲ್ಲಿ ಬೇಡವೆಂದ ವಾಟರ್‌ಪ್ರೂಫ್ ಶೂ ಅಲ್ಲಿ ಬೇಕೇ ಬೇಕು.

ಸಾಮಾನಿಗಿಂತ ದೊಡ್ಡ ವ್ಯತ್ಯಾಸ, ಮೇಲೇರಿದಂತೆ ತೆಳುವಾಗುವ ಗಾಳಿಗೆ ಮೈ ಒಗ್ಗದೆ ಬರುವ ಎತ್ತರದ ಕಾಯಿಲೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ರಜೆ ಕಡಿಮೆ ಎಂದು ಈ ಲೆಕ್ಕವನ್ನು ಹಿಂಡುವ ಕಾರ್ಯಕ್ರಮಗಳನ್ನು ಆರಿಸಬೇಡಿ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕ ಕರ್ನಾಟಕದ ತಂಡದಲ್ಲಿ 9 ಮಂದಿ ತೀರಿಕೊಂಡರು. ಬೇಸಗೆಯ ತಿಂಗಳಲ್ಲಿಯೂ ಆ ಎತ್ತರದಲ್ಲಿ ಹವೆ ಕೆಲವೇ ಗಂಟೆಗಳಲ್ಲಿ ಕೈಮೀರಬಲ್ಲದು. ಆದ್ದರಿಂದ ಚಳಿಯ ಬಟ್ಟೆ, ಟಾರ್ಚು, ಒಂದು ಹೊತ್ತಿನ ತಿಂಡಿ ಹೇಸರಗತ್ತೆಯ ಮೇಲೆ ಹೋಗುವ ಮೂಟೆಯಲ್ಲಿ ಅಲ್ಲ, ಬೆನ್ನಿನ ಚೀಲದಲ್ಲೇ ಇರಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು, ಮತ್ತು ಅದನ್ನು ನುಂಗಿದ ಧೈರ್ಯದಲ್ಲಿ ಲಕ್ಷಣಗಳನ್ನು ಅಲಕ್ಷಿಸಿ ಮೇಲೇರಬಾರದು. ತಲೆನೋವಿನೊಡನೆ ವಾಂತಿ, ತೂರಾಡುವ ನಡಿಗೆ, ಕೂತಲ್ಲೇ ಏದುಸಿರು ಕಂಡರೆ ರಾತ್ರಿಯಾದರೂ ಆ ವ್ಯಕ್ತಿಯನ್ನು, ಒಬ್ಬರನ್ನೇ ಕಳಿಸದೆ, ಜೊತೆಗೆ ನಿಂತು ಕೆಳಗಿಳಿಸಬೇಕು.